ಗಾಜಿನ ಹಿಂದಿನ ವಿನ್ನಿ

ಹತ್ತಿ ಗಿರಣಿಗಳ ಊರಾದ ಓಲ್ಡಮ್‌ನ ಪೇಟೆಯಲ್ಲಿ ಎನಿಡ್ ಹಾಸ್ಲಮ್ ಅಂತ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ವಿನ್ನಿ ಅಂದು ನೋಡಿ! ಮೀನಿನವಳಿಂದ ಹಿಡಿದು ಬಸ್ ಡ್ರೈವರ್‌ವರೆಗೆ ಎಲ್ಲರೂ ಓಡಿ ಬರುತ್ತಾರೆ. ‘ಟ್ಯಾನರ್ಸ್ ರೋ’ ಎಂಬ ಟಿವಿ ಧಾರಾವಾಹಿಯಲ್ಲಿ ಮೂವತ್ತು ವರ್ಷದಿಂದ ಪೈ ಎಂಬ ಮಾಂಸದ ಹೂರಣದ ತಿನಿಸಿನ ಅಂಗಡಿ ನಡೆಸುತ್ತಿರುವ ವಿನ್ನಿ ಈ ಎನಿಡ್ಡೇ. ನಿಜ ಹೇಳಬೇಕೆಂದರೆ ಅವಳಿಗೆ ಪೈ ಮಾಡಲು ಬರುವುದಿಲ್ಲ, ಮಾಡಿದ್ದೆಲ್ಲ ಸೀದು ಇದ್ದಿಲು. ಆದರೆ ಜನ ನಂಬಬೇಕಲ್ಲ!

“ಆ ಕುಡುಕ ಗಂಡನ್ನ ಮತ್ತೆ ಮನೆಗೆ ಸೇರಿಸ್ಕೊಂಡ್ಯಲ್ಲ ಚಿನ್ನ, ಬುದ್ಧಿ ಎಲ್ಲಿಟ್ಟಿದ್ದೆ?” ಎಂದು ತರಕಾರಿಯವಳು ಉಗಿದು ಉಪ್ಪಿನಕಾಯಿ ಹಾಕಿದಳು.

“ನಾನಲ್ಲ ಕಣೇ, ಕತೆ ಬರೆಯೋರು ಸೇರಿಸಿದ್ದು.”

“ಬರೆಯೋರು ಹೇಳಿದ್ರೆ ಕಾಲುವೆಗೂ ಹಾರ್ತೀಯಾ?”

ಎನಿಡ್‌ಳ ಅಮ್ಮ ಎಡಿತ್ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ಅಲ್ಲಿನ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಗಿರಣಿಯ ಹೆಂಗಸರು ದನಿಯಿಲ್ಲದೆ, ತುಟಿ, ಕೆನ್ನೆ, ಹುಬ್ಬುಗಳನ್ನೆಲ್ಲ ಕುಣಿಸಿ ಮಾತಾಡುತ್ತಿದ್ದರು. ಅದಕ್ಕೆ ‘ಮೀ-ಮಾ’ ಅಂತ ಹೆಸರು. ಕೊನೆಗೆ ಎಡಿತ್‌ಳ ಕಿವಿ ಪೂರ್ತಿ ಹೋಯಿತು, ಮನೆಯಲ್ಲೂ ಅದೇ ಭಾಷೆಯಾಯಿತು. ಎನಿಡ್ ತೊದಲಿದ್ದೂ ಮೀ-ಮಾದಲ್ಲೇ.

ಅವಳ ಅದೃಷ್ಟ ಖುಲಾಯಿಸಿದ್ದೂ ಅದರಿಂದಲೇ. ಮೊದಲು ಸಿಕ್ಕಿದ್ದು ಒಂದೇ ದಿನದ ಪಾತ್ರ. ನಾಯಕಿ ಬೀದಿಯಲ್ಲಿ ಹೋಗುವಾಗ ಅಂಗಡಿಯ ಗಾಜಿನ ಹಿಂದೆ ಸುಮ್ಮನೆ ನಿಲ್ಲಬೇಕು, ಅಷ್ಟೇ. ಸುಮ್ಮನಿರುವ ಹೆಣ್ಣೇ ಇವಳು? “ನೋಡ್ರೇ, ನಿನ್ನೆ ಹಾಕಿದ್ದೇ ಗೌನು!” ಎಂದು ತುಟಿಯಲ್ಲೇ ಅಂದುಬಿಟ್ಟಳು. ಟಿವಿಯಲ್ಲಿ ಆ ತುಟಿ ಓದಿದ ಗಿರಣಿ ಊರುಗಳ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮರುವಾರವೇ ಕರೆ ಬಂತು.

ಹೀಗಿರುವಾಗ ಲಂಡನ್ನಿನಿಂದ ಜೂಲಿಯನ್ ಎಂಬ ಹೊಸ ನಿರ್ಮಾಪಕ ಬಂದ. “ವಿನ್ನಿಯನ್ನ ಕಳಿಸಿಬಿಡೋಣ ಅಂತಿದ್ದೀವಿ, ಮಿಸೆಸ್ ಹಾಸ್ಲಮ್” ಎಂದ, ಚಹಾ ಕಲಕುತ್ತಾ.

“ಟ್ಯಾಕ್ಸಿಯಲ್ಲೋ, ಪೆಟ್ಟಿಗೆಯಲ್ಲೋ?” ಎಂದಳು ಎನಿಡ್. ಟ್ಯಾಕ್ಸಿಯಲ್ಲಿ ಹೋದ ಪಾತ್ರ ಎಂದಾದರೂ ವಾಪಸು ಬರಬಹುದು, ಶವಪೆಟ್ಟಿಗೆಯಲ್ಲಿ ಹೋದದ್ದು ಬರುವುದಿಲ್ಲ.

“ಪೆಟ್ಟಿಗೆ.”

ಎನಿಡ್ ಚಹಾದ ಬಟ್ಟಲು ಕೆಳಗಿಟ್ಟಳು. ಕೆಲಸ ಹಾಳಾಗಿ ಹೋಗಲಿ, ಅಮ್ಮನ ಗತಿ? ವೃದ್ಧಾಶ್ರಮದಲ್ಲಿದ್ದ ಎಡಿತ್‌ಗೆ ಈಚೆಗೆ ವಿನ್ನಿ ಯಾರು, ಮಗಳು ಯಾರು ಅನ್ನುವುದೇ ಕಲಸಿಹೋಗಿತ್ತು. ಟಿವಿಯಲ್ಲಿ ವಿನ್ನಿಗೆ ನೆಗಡಿಯಾದರೆ ಇಲ್ಲಿ ಮಗಳ ಹಣೆ ಮುಟ್ಟಿ ನೋಡುವ ಮುದುಕಿ ಅದು. ಹೆತ್ತ ಮಗಳ ಶವಪೆಟ್ಟಿಗೆಯನ್ನು ಅವಳ ಕಣ್ಣಿಗೆ ತೋರಿಸುವುದೇ? ಎನಿಡ್ ಮನೆಗೆ ಹೋಗಿ ಮನಸಾರೆ ಅತ್ತಳು.

ಕೊನೆಯ ದೃಶ್ಯ ಬಂತು. ವಿನ್ನಿಯನ್ನು ಆಂಬ್ಯುಲೆನ್ಸ್ ಒಯ್ಯುತ್ತದೆ. ಅವಳು ಹಿಂದಿನ ಗಾಜಿನಿಂದ ತನ್ನ ಅಂಗಡಿಯನ್ನು ಕಣ್ತುಂಬ ನೋಡಬೇಕು. ಸಾವಿನ ಸುದ್ದಿ ಮುಂದಿನ ವಾರ. ಕ್ಯಾಮೆರಾ ಓಡಿತು. ಗಾಜಿನ ಹಿಂದೆ ಎನಿಡ್‌ಳ ತುಟಿಗಳು ಅಗಲವಾದವು, ಗುಂಡಗಾದವು, ಹುಬ್ಬು ಹಣೆಗೇರಿತು.

“ಆಹಾ, ಎಂಥಾ ಅಳು!” ಎಂದು ಜೂಲಿಯನ್ ಕಣ್ಣೊರೆಸಿಕೊಂಡ. ದೃಶ್ಯ ಹಾಗೇ ಪ್ರಸಾರವಾಯಿತು.

ಮರುದಿನ ಬೆಳಿಗ್ಗೆ ಸ್ಟುಡಿಯೋ ಗೇಟಿನಲ್ಲಿ ತಲೆಗೆ ವಸ್ತ್ರ ಕಟ್ಟಿದ ಹಳೇ ಗಿರಣಿ ಮುದುಕಿಯರ ದಂಡು! ಒಬ್ಬೊಬ್ಬರ ಕೈಯಲ್ಲೂ ಬಿಸಿ ಬಿಸಿ ಪೈ.

“ವಿನ್ನಿ ವಾಪಸು ಬರೋದು ಯಾವಾಗ?” ಎಂದು ಮುಂದಿದ್ದವಳು ಗದರಿದಳು.

“ಬರ್ತಾಳೆ ಅಂತ ಯಾರು ಹೇಳಿದ್ದು?” ಎಂದ ಜೂಲಿಯನ್.

“ಅವಳೇ ಹೇಳಿದ್ಲಲ್ಲಪ್ಪ! ‘ಅಮ್ಮಾ, ಹೆದರ್ಬೇಡ, ನಂಗೇನೂ ಆಗಿಲ್ಲ. ಬಂದ್ಬಿಡ್ತೀನಿ, ಒಲೆ ಆರಿಸ್ಬೇಡಿ’ ಅಂತ. ನಿಂಗೆ ಕಣ್ಣು ಕಾಣಲ್ವಾ?” ಎಂದವಳೇ ಅವನ ಮುಖದೆದುರು ಅದನ್ನೇ ಮೀ-ಮಾದಲ್ಲಿ ಆಡಿ ತೋರಿಸಿದಳು. ಹಿಂದಿದ್ದವರೂ ಶುರು ಹಚ್ಚಿಕೊಂಡರು. ಅಷ್ಟು ಬಾಯಿಗಳು ಆಡುತ್ತಿದ್ದರೂ ಒಂದು ಸದ್ದೂ ಇಲ್ಲ! ಜೂಲಿಯನ್ ಕೆಂಪಗಾದ. ಆಮೇಲೆ ತಡೆಯಲಾರದೆ ನಕ್ಕ, ಯಾರೋ ಕೊಟ್ಟ ಪೈ ಕಚ್ಚಿದ. “ಆಯ್ತು ತಾಯಂದಿರಾ, ಅವಳು ಬದುಕ್ಲಿ” ಎಂದ.

ಭಾನುವಾರ ಎನಿಡ್ ಅಮ್ಮನ ಬಳಿ ಓಡಿದಳು. ಎಡಿತ್ ಅವಳ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ ಅಂತ ಖಾತ್ರಿ ಮಾಡಿಕೊಂಡಳು, ಮಗಳೇ ಮಾಡಿ ತಂದ ಪೈಯನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಹೊರಟ ಎನಿಡ್ ಬಸ್ ನಿಲ್ದಾಣದಿಂದ ತಿರುಗಿ ನೋಡಿದರೆ, ಮೇಲಿನ ಕಿಟಕಿಯ ಗಾಜಿನ ಹಿಂದೆ ಅಮ್ಮ. ಸುಕ್ಕುಗಟ್ಟಿದ ತುಟಿಗಳು ದೊಡ್ಡದಾಗಿ ಕುಣಿಯುತ್ತಿದ್ದವು:

“ಬದುಕಿ ಬಂದ್ಯಲ್ಲ, ಸಾಕು ಕಣೇ. ಇನ್ನಾದ್ರೂ ಪೈ ಮಾಡೋದು ಕಲಿ!”

ಬಸ್ಸಿಗೆ ಕಾದಿದ್ದವರೆಲ್ಲ ಗೊಳ್ಳೆಂದು ನಕ್ಕರು.