ದೊರೆಯೆದುರು ಬೀಳದ ಚೆಂಡು

ನಮ್ಮ ದೊಡ್ಡಪ್ಪ ಗುರುಪಾದಸ್ವಾಮಿ ಯಳಂದೂರಿನವರು. ಬಿಳಿಗಿರಿ ಬೆಟ್ಟದ ಮೇಲಿನ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ರೈಟರು ಅಂದರೆ ಕತೆ ಕಾದಂಬರಿ ಬರೆಯುವವರಲ್ಲ; ಆಳುಗಳ ಹಾಜರಿ, ಕಾಫಿಯ ತೂಕ, ಕಾಡುಹಂದಿ ಮುರಿದ ಬೇಲಿ, ಇಂಥವನ್ನು ಬರೆಯುವವರು. ಈ ಕೆಲಸದಲ್ಲಿ ಯಾವ ಉಪಯೋಗಕ್ಕೂ ಬಾರದ ಒಂದು ವಿದ್ಯೆ ಅವರ ಕೈಗೆ ಬಂದಿತ್ತು. ಅದು ಗಾಲ್ಫ್. ಯಳಂದೂರಿನಲ್ಲಿ ಅದನ್ನು ಆಡುವವರು ಅವರೊಬ್ಬರೇ ಆದ್ದರಿಂದ ಇಡೀ ಊರಿಗೆ ಅವರದೇ ಮೊದಲ ಸ್ಥಾನ. ಹೀಗಂತ ಅವರೇ ಹೇಳಿಕೊಂಡು ಅವರೇ ನಗುತ್ತಿದ್ದರು.

ಕಲಿಸಿದವನು ತೋಟದ ಯಜಮಾನ ಹಾರ್ಟನ್ ದೊರೆ. ಸ್ವಾತಂತ್ರ್ಯ ಬಂದಮೇಲೆ ಬೆಟ್ಟದ ಬಿಳಿಯರೆಲ್ಲ ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತಿದರು. ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸಿನ ಕಡೆಯಿಂದ ಮೈಸೂರಿಗೆ ಬಂತು, ಕಚೇರಿಗಳ ಬೋರ್ಡು ಬದಲಾಯಿತು. ದೊರೆ ಮಾತ್ರ ಬಂಗಲೆಯ ಹಿಂದಿನ ಹುಲ್ಲುಬಯಲಿನಲ್ಲಿ ಒಬ್ಬನೇ ಆಡಿ ಒಬ್ಬನೇ ಗೆಲ್ಲುತ್ತಿದ್ದ. ಅದೂ ಬೇಸರವಾಗಿ ಒಂದು ಸಂಜೆ ರೈಟರನ್ನು ಕರೆದು ಕೈಗೆ ಕೋಲು ಕೊಟ್ಟ.

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ನಿಂತು ಹೊಡೆದರು. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡಿದ ತೋಳು. ಚೆಂಡು ದೊರೆಯ ಚೆಂಡನ್ನು ದಾಟಿ ಬಿತ್ತು. ಆದರೆ ಈ ಆಟದಲ್ಲಿ ದೂರ ಹೊಡೆದರೆ ಮುಗಿಯಲಿಲ್ಲ. ಕೊನೆಗೆ ಚೆಂಡನ್ನು ಮೆಲ್ಲಗೆ ತಳ್ಳಿ ಪುಟ್ಟ ಕುಳಿಯೊಳಗೆ ಬೀಳಿಸಬೇಕು. ಕುಳಿ ಮೊಳದಷ್ಟು ದೂರ ಇರುವಾಗ, ದೊರೆ ಬಾಯಲ್ಲಿ ಪೈಪು ಕಚ್ಚಿಕೊಂಡು ಹಿಂದೆ ಬಂದು ನಿಂತರೆ ಸಾಕು, ದೊಡ್ಡಪ್ಪನ ಚೆಂಡು ಎಡಕ್ಕೋ ಬಲಕ್ಕೋ ಹೋಗಿಬಿಡುತ್ತಿತ್ತು. ವರ್ಷಗಟ್ಟಲೆ ಹೀಗೇ. ದೊರೆ ಮೊದಮೊದಲು ನಕ್ಕ, ಆಮೇಲೆ ಪಾಠ ಹೇಳಿದ, ಕೊನೆಗೆ ರೇಗಿದ.

ಆಳುಗಳಿಗೆ ಮಾತ್ರ ರೈಟರ ಮೇಲೆ ಬಹಳ ಗೌರವ ಹುಟ್ಟಿತು. ಮೇಸ್ತ್ರಿ ಪುಟ್ಟಸಿದ್ದಯ್ಯ ಗುಟ್ಟಾಗಿ ಬಂದು ಮೆಚ್ಚಿಕೊಂಡ: "ಬುದ್ದವಂತ್ರು ಕಣ್ ಸಾ ನೀವು. ಅನ್ನ ಕೊಡೋ ದಣೀನ ಗೆಲ್ಬಾರ್ದು. ಬೇಕಂತ್ಲೇ ಸೋಲ್ತೀರಲ್ಲ, ಅದು ದೊಡ್ದು."

ಬೇಕೆಂತಲೇ ಸೋಲುತ್ತಿದ್ದರೆ ದೊಡ್ಡಪ್ಪನಿಗೆ ಸುಖವಾಗಿ ನಿದ್ದೆ ಬರುತ್ತಿತ್ತು. ಅವರು ಗೆಲ್ಲಲು ಪ್ರಾಣ ಬಿಡುತ್ತಿದ್ದರು, ಕೈ ಕೇಳುತ್ತಿರಲಿಲ್ಲ.

ಹೀಗಿರುವಾಗ ದೊರೆಗೆ ತನ್ನ ದೇಶಕ್ಕೆ ಹೋಗುವ ಮನಸ್ಸಾಯಿತು. ತೋಟ ಮಾರುವುದಿಲ್ಲ, ಮ್ಯಾನೇಜರನ್ನು ಇಟ್ಟು ಹೋಗುತ್ತೇನೆ ಎಂದ. ರೈಟರನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದ ಮಾತಿನ ಸಾರ ಇಷ್ಟು: ನಾನು ಪಕ್ಕದಲ್ಲಿ ನಿಂತರೆ ನಿನ್ನ ಗುರಿ ತಪ್ಪುತ್ತದೆ, ನಾಳೆ ಕಾಫಿ ವ್ಯಾಪಾರಿ ಪಕ್ಕದಲ್ಲಿ ನಿಂತು ಬೆಲೆ ಇಳಿಸು ಅಂದರೆ ಇಳಿಸಿಬಿಡುತ್ತೀಯ. ಹೊರಡುವ ಮುಂಚೆ ಒಂದು ಆಟದಲ್ಲಿ ನನ್ನನ್ನು ಸೋಲಿಸು. ಸೋಲಿಸಿದರೆ ಮ್ಯಾನೇಜರು ನೀನೇ.

ದೊರೆಯನ್ನು ಸೋಲಿಸೆಂದು ದೊರೆಯದೇ ಅಪ್ಪಣೆ. ಇಂಥ ಇಕ್ಕಟ್ಟು ಯಾರಿಗೂ ಬೇಡ.

ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಮ್ಯಾನೇಜರ ಕುರ್ಚಿಗಿಂತ ಮ್ಯಾನೇಜರ ಮನೆ. ರೈಟರಿಗೆ ತೋಟದಲ್ಲಿದ್ದದ್ದು ಒಂದು ಕೋಣೆ. ಹೆಂಡತಿಯನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ದೊಡ್ಡಮ್ಮ ಶಿವರತ್ನಮ್ಮ ಮದುವೆಯಾದಾಗಿನಿಂದ ಯಳಂದೂರಿನಲ್ಲಿ ಅತ್ತೆಯ ಜೊತೆ, ಗಂಡ ವಾರಕ್ಕೊಮ್ಮೆ ಬೆಟ್ಟ ಇಳಿದು ಬರುವ ನೆಂಟ. ಮ್ಯಾನೇಜರಿಗಾದರೆ ಹೆಂಚಿನ ಮನೆ, ಅಡುಗೆಮನೆ, ಹಿತ್ತಲು ಎಲ್ಲ ಇತ್ತು. ಅದರ ಕಿಟಕಿಗೆ ಯಾವ ಬಣ್ಣದ ಪರದೆ ಕಟ್ಟಬೇಕೆಂದು ಕೂಡ ದೊಡ್ಡಮ್ಮ ಯೋಚಿಸಿಟ್ಟಿದ್ದರು.

ಭಾನುವಾರ ಹಿತ್ತಲಲ್ಲಿ ತೆಂಗಿನ ಚಿಪ್ಪು ಹೂತು ಅಭ್ಯಾಸ ಶುರುವಾಯಿತು. ಮನೆಯಲ್ಲಿ ಹೊಡೆದದ್ದೆಲ್ಲ ಚಿಪ್ಪಿಗೇ ಬಿತ್ತು. ಬೆಟ್ಟಕ್ಕೆ ಹೋದರೆ ಒಂದೂ ಬೀಳಲಿಲ್ಲ. ಪಕ್ಕದ ಮನೆಯ ಬಸವಮ್ಮ ಇದು ಗಾಳಿ ಸೋಕಿದ್ದೇ ಅಂತ ತೀರ್ಮಾನಿಸಿದಳು. ಅವಳ ಕಾಟ ತಡೆಯಲಾರದೆ ದೊಡ್ಡಪ್ಪ ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಹನೂರಿನ ಮೇಲೆ ಮಾದೇಶ್ವರನ ಬೆಟ್ಟಕ್ಕೂ ಹೋಗಿ ಬಂದರು. ದೇವರ ಮುಂದೆ ನಿಂತಾಗ ಗಾಲ್ಫಿನ ವಿಚಾರ ಹೇಗೆ ಹೇಳುವುದೆಂದು ನಾಚಿಕೆಯಾಗಿ, ಸುಮ್ಮನೆ ಎಲ್ಲರಿಗೂ ಒಳ್ಳೆಯದಾಗಲಿ ಅಂದು ಬಂದರಂತೆ. ಎಲ್ಲರಿಗೂ ಒಳ್ಳೆಯದಾಗಿರಬಹುದು. ಚೆಂಡು ಮಾತ್ರ ಬೀಳಲಿಲ್ಲ.

ರೋಗ ಕಂಡುಹಿಡಿದವರು ದೊಡ್ಡಮ್ಮ. ದೊರೆ ಹಳೆಯದಾಯಿತೆಂದು ಕೊಟ್ಟ ಒಂದು ಟೋಪಿ ಮನೆಯಲ್ಲಿತ್ತು. ಅದನ್ನು ಒಗೆದು ಹಿತ್ತಲಿನ ದನ ಕಟ್ಟುವ ಗೂಟಕ್ಕೆ ಹಾಕಿದರು. ಅವತ್ತು ಮನೆಯಲ್ಲೂ ಚೆಂಡು ಗುರಿ ತಪ್ಪಿತು. ದೊಡ್ಡಮ್ಮ ಟೋಪಿಯನ್ನು ಬೇರೆ ಕಡೆಗೆ ಸರಿಸಿ ನೋಡಿದರು, ಗಂಡನ ಕಾಲು ಟೋಪಿಯ ಕಡೆಗೇ ತಿರುಗಿತು. ಇನ್ನೊಂದು ಕಡೆ ಇಟ್ಟರು, ಅಲ್ಲಿಗೂ ತಿರುಗಿತು.

"ನಿಮ್ ಕೈಗ ಏನೂ ಆಗಿಲ್ಲ ಕಣ್ರಿ," ಅಂದರು. "ಟೋಪಿಗ ಬೆನ್ನು ತೋರ್ಸಕ್ಕಾಯ್ತಿಲ್ಲ ನಿಮ್ಗ. ಕಾಲು ಅತ್ಲಾಗ್ ತಿರುಗಿದ್ರ ಚೆಂಡು ನೆಟ್ಗ ಎಂಗ್ ಓದದು?"

ನಿಜ ಅದೇ. ಜಹಗೀರಿನ ಕಾಲದ ಯಳಂದೂರಿನಲ್ಲಿ ಬೆಳೆದವರು ದೊಡ್ಡಪ್ಪ. ದೊಡ್ಡ ಮನುಷ್ಯರ ಎದುರಿನಿಂದ ಹೊರಡುವಾಗ ಬೆನ್ನು ತೋರಿಸದೆ, ಹಿಂದಕ್ಕೆ ಹಿಂದಕ್ಕೆ ನಡೆದು ಹೊಸ್ತಿಲು ದಾಟಬೇಕೆಂದು ಅವರಪ್ಪ ಕಲಿಸಿದ್ದರು. ದೊರೆ ಹಿಂದೆ ನಿಂತಾಗ ಆ ಪಾಠ ಕಾಲಿಗೆ ನೆನಪಾಗುತ್ತಿತ್ತು. ತಲೆಗೆ ಗೊತ್ತೇ ಇರಲಿಲ್ಲ.

ಮದ್ದನ್ನೂ ದೊಡ್ಡಮ್ಮನೇ ಅರೆದರು. ಟೋಪಿಯನ್ನು ತಲೆಗಿಟ್ಟುಕೊಂಡು, ಸೊಂಟದ ಮೇಲೆ ಕೈಯಿಟ್ಟು ಗಂಡನ ಹಿಂದೆ ನಿಂತರು. "ಉಂ, ತಿರುಗ್ಬೇಡಿ. ನಾನೇ ದೊರೆ. ಬೆನ್ನು ತೋರ್ಸಿ ನಂಗ." ದೊಡ್ಡಪ್ಪನಿಗೆ ಮೊದಲು ನಗು ಬಂತು, ಆಮೇಲೆ ಬೆವರು ಬಂತು. ಬೇಲಿಯಾಚೆಯಿಂದ ನೋಡಿದ ಬಸವಮ್ಮ ಈಗ ಗಾಳಿ ಇಬ್ಬರಿಗೂ ಸೋಕಿದೆ ಎಂದು ಬೀದಿಗೆಲ್ಲ ಸಾರಿದಳು. ದೊಡ್ಡಮ್ಮ ಲೆಕ್ಕಕ್ಕಿಡಲಿಲ್ಲ. ಒಂದು ಮಳೆಗಾಲ ಪೂರ್ತಿ ಟೋಪಿ ಹಾಕಿಕೊಂಡು ಗಂಡನನ್ನು ಬೈದರು. ಮಳೆಗಾಲ ಮುಗಿಯುವಷ್ಟರಲ್ಲಿ ದೊಡ್ಡಪ್ಪ ಯಾರಿಗೆ ಬೇಕಾದರೂ ಬೆನ್ನು ತೋರಿಸಬಲ್ಲವರಾಗಿದ್ದರು.

ದೊರೆ ಹೊರಡುವ ವಾರ ಆಟ ನಡೆಯಿತು. ಕೊನೆಯ ಕುಳಿಯ ತನಕ ಸಮಸಮ. ದೊಡ್ಡಪ್ಪನ ಚೆಂಡು ಕುಳಿಯಿಂದ ಮೊಳದ ದೂರದಲ್ಲಿ; ಬಿದ್ದರೆ ಗೆಲುವು. ದೊರೆ ಪೈಪು ಕಚ್ಚಿ ಹಿಂದೆ ಬಂದು ನಿಂತ. ಪುಟ್ಟಸಿದ್ದಯ್ಯ ಮತ್ತು ಆಳುಗಳು ದೂರದಲ್ಲಿ ನಿಂತು, ರೈಟರು ಈ ಸಲವೂ ಅಚ್ಚುಕಟ್ಟಾಗಿ ಸೋಲುವುದನ್ನು ನೋಡಲು ಕಾದರು. ದೊಡ್ಡಪ್ಪ ಬೆನ್ನು ಕೊಟ್ಟು ನಿಂತು, ಮೆಲ್ಲಗೆ ತಳ್ಳಿದರು. ಚೆಂಡು ಬಿತ್ತು.

ಅವರು ಬಗ್ಗಿ ಚೆಂಡನ್ನು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ದೊರೆಯ ಮುಂದೆ ನೀಡಿದರು. "ಬೇಜಾರ್ ಮಾಡ್ಕೋಬ್ಯಾಡಿ ಸಾ," ಅಂದರು.

ದೊರೆ ಚೆಂಡನ್ನು ನೋಡಿದ, ಬಗ್ಗಿದ ತಲೆಯನ್ನು ನೋಡಿದ. ಗೆದ್ದಮೇಲೂ ಕ್ಷಮೆ ಕೇಳುವವನ ಕೈಗೆ ತೋಟ ಕೊಡಲಾರೆ ಎಂದು ಆ ರಾತ್ರಿಯೇ ಹೇಳಿ ಕಳಿಸಿದ. ಕೂನೂರಿನಿಂದ ಯಾರೋ ಮ್ಯಾನೇಜರು ಬಂದರು, ಆ ಹೆಂಚಿನ ಮನೆಗೆ ಅವರ ಸಂಸಾರ ಬಂತು. ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಕೆಲಸ ಬಿಡುವವರೆಗೂ ರೈಟರಾಗಿಯೇ ಉಳಿದು, ವಾರಕ್ಕೊಮ್ಮೆ ಬೆಟ್ಟ ಇಳಿದರು.

ಈ ಕತೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ: ಕಾಲು ರಿಪೇರಿಯಾದ ಮೇಲೂ ಬಾಯಿ ಯಾಕೆ ಹೆದರಿತು? ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ದೊಡ್ಡಮ್ಮ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

"ಎದ್ರಿಕೆ ಅಲ್ಲ ಕಣ್ಲಾ," ಅಂದರು ದೊಡ್ಡಪ್ಪ. "ಚೆಂಡು ಬಿದ್ದೇಟ್ಗೆ ನಾ ಅವ್ನ ಮೊಕ ನೋಡ್ದಿ. ಬೆಟ್ಟದಲ್ಲಿ ಒಬ್ನೇ ಉಳ್ಕಂಡೋನು, ವಯಸ್ಸಾದೋನು. ಸೋತು ಅಭ್ಯಾಸ ಇರ್ನಿಲ್ಲ. ಬಾಯಿಂದ ಪೈಪು ಜಾರ್ತು. ಅಯ್ಯೋ ಪಾಪ ಅನ್ನಿಸ್ಬುಡ್ತು ನಂಗ. ಮೊದಲ್ನೇ ಸಲ ಅವನು ನನಗಿಂತ ಸಣ್ಣೋನು ಅನ್ನಿಸ್ತು."

"ಹಾಗಂತ ಅವನಿಗೆ ಹೇಳಬೇಕಿತ್ತು," ಅಂದೆ.

"ಸೋತೋನಿಗ ನಿನ್ ಕಂಡ್ರ ಪಾಪ ಅನ್ನಿಸ್ತದ ಅಂತ ಏಳಕ್ಕಾದದಾ? ಅದ್ಕಿಂತ ರೈಟ್ರಾಗಿರೋದೇ ವಾಸಿ."

ನನಗೆ ಅವರ ಮೇಲೆ ತಟಕ್ಕನೆ ಪ್ರೀತಿ ಬಂತು. ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆನಲ್ಲ ಅನ್ನಿಸಿತು. ಏನೋ ಹೊಗಳಲು ಬಾಯಿ ತೆರೆದೆ, ಅಷ್ಟರಲ್ಲಿ ದೊಡ್ಡಮ್ಮ ಮೊರದಿಂದ ಕಣ್ಣೆತ್ತದೆ ಕೇಳಿದರು:

"ಪಾಪ ಅನ್ಸಕ್ಕ ಬೆಟ್ಟದ್ ಮ್ಯಾಲಿರೋನೇ ಬೇಕಾಗಿದ್ನಾ ನಿಮ್ಗ? ಕೆಳ್ಗ ಒಬ್ಳು ಕಾಯ್ತಾ ಕೂತಿದ್ಲಲ್ಲ."