ಎಂಜಿನ್ ಕೆಳಗಿನ ಕರವಸ್ತ್ರ

ಕಾಂದಿವಲಿಯಲ್ಲಿ ನನ್ನ ಬೈಕ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಚಾಚಾ ಕಲಬುರಗಿ ಕಡೆಯವರು. ಯಾವ ಸೋರಿಕೆಗೂ ಅವರದು ಒಂದೇ ಮಾತು: "ಬಿಗಿ ಮಾಡಿದ್ರ ನಿಲ್ಲಂಗಿಲ್ರೀ, ಸರಿಯಾಗಿ ಕುಂತ್ರ ನಿಲ್ತೈತಿ."

ಎಂಜಿನ್ ಆಯಿಲ್ ಇಳಿಸುವ ಪ್ಲಗ್ಗಿನಲ್ಲಿ ಹನಿ ಕಂಡಾಗಲೆಲ್ಲ ನಾನೇ ಪಾನಾ ಹಾಕಿ ಇನ್ನೊಂದು ಸುತ್ತು ತಿರುಗಿಸುತ್ತಿದ್ದೆ. ಹನಿ ನಿಲ್ಲಲಿಲ್ಲ. ಕೊನೆಗೆ ಒಂದು ಶುಕ್ರವಾರ ಅವರಲ್ಲಿಗೆ ಒಯ್ದೆ. ಆಯಿಲ್ ಇಳಿಸಿ, ಪ್ಲಗ್ ಬಿಚ್ಚಿ, ಅಪ್ಪಚ್ಚಿಯಾಗಿದ್ದ ವಾಷರನ್ನು ನನ್ನ ಅಂಗೈಗೆ ಹಾಕಿದರು. ಬೈಯಲಿಲ್ಲ. ತಾಮ್ರದ ಹೊಸ ವಾಷರ್ ಇಟ್ಟು, ಪ್ಲಗ್ಗನ್ನು ಬೆರಳಲ್ಲೇ ತಿರುಗಿಸಿ, ಕೊನೆಗೆ ಪಾನಾದಿಂದ ಒಮ್ಮೆ ಮಾತ್ರ ಒತ್ತಿದರು. ಹೊಸ ಆಯಿಲ್ ಹಾಕಿದರು.

"ಇಷ್ಟು ಸಾಕಾ ಚಾಚಾ? ಇನ್ನೊಂದು ಸುತ್ತು ಕೊಡಿ" ಎಂದೆ.

ಅವರು ಎಂಜಿನ್ ಬಿಸಿಯಾಗುವಷ್ಟು ಓಡಿಸಿ ನಿಲ್ಲಿಸಿದರು. ಕೈ ತೊಳೆದು, ನಮಾಜಿಗೆಂದು ಇಸ್ತ್ರಿ ಮಾಡಿಟ್ಟಿದ್ದ ಕುರ್ತಾ ತೊಟ್ಟರು. ಅದರ ಜೇಬಿನಲ್ಲಿದ್ದ ಬಿಳಿ ಕರವಸ್ತ್ರವನ್ನು ಎಂಜಿನ್ ಕೆಳಗೆ ಹಾಸಿ, "ಕುಂದರ್ರಿ, ಬರ್ತೀನಿ" ಎಂದು ಮಸೀದಿಗೆ ಹೋದರು.

ಅಷ್ಟು ಹೊತ್ತೂ ನಾನು ಬಗ್ಗಿ ಬಗ್ಗಿ ನೋಡುತ್ತಿದ್ದೆ. ನಮಾಜು ಮುಗಿಸಿ ಬಂದವರು ನೋಡಲೇ ಇಲ್ಲ. ಕರವಸ್ತ್ರ ಎಳೆದುಕೊಂಡು, ಧೂಳು ಕೊಡವಿ, ಅದರಲ್ಲೇ ಮುಖದ ಬೆವರು ಒರೆಸಿಕೊಂಡರು.