ನಾಗರಿಕರು ಎಂಬ ಪದ

ಯುದ್ಧಕ್ಕೂ ಕಾನೂನಿದೆ ಎಂದು ಮೊದಲ ದಿನ ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ ಎಂದು ನಾನು ಪಾಠ ಮುಂದುವರಿಸುತ್ತೇನೆ. ರಿಚರ್ಡ್ಸ್ ಟೌನ್ ಪಕ್ಕದ ನಮ್ಮ ಕಾನೂನು ಕಾಲೇಜಿನಲ್ಲಿ ಈ ವಿಷಯವನ್ನು ಕನ್ನಡದಲ್ಲೂ ಬಿಡಿಸಿ ಹೇಳುವವಳು ನಾನೊಬ್ಬಳೇ. ಶರಣಾದವನನ್ನು ಕೊಲ್ಲಬಾರದು, ಆಸ್ಪತ್ರೆಯ ಮೇಲೆ ಬಾಂಬು ಹಾಕಬಾರದು, ಸೈನಿಕರಲ್ಲದವರ ಮೇಲೆ ಗುಂಡು ಹಾರಿಸಬಾರದು. ಇಷ್ಟು ತಲೆಗೆ ಹೋದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ತೊಡಕಿರುವುದು ಒಂದೇ ಕಡೆ. ಸೈನಿಕರಲ್ಲದವರಿಗೆ ನಮ್ಮ ಕನ್ನಡ ಪಠ್ಯದಲ್ಲಿ ‘ನಾಗರಿಕರು’ ಎಂದು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಸಿಟಿಜನ್ ಬೇರೆ, ಸಿವಿಲಿಯನ್ ಬೇರೆ. ನಮಗೆ ಎರಡಕ್ಕೂ ಅದೊಂದೇ ಪದ.

ಅದನ್ನು ತರಗತಿಯಲ್ಲಿ ಎದ್ದು ನಿಂತು ಕೇಳಿದವಳು ಯಾದಗಿರಿ ಕಡೆಯ ಒಬ್ಬ ಹುಡುಗಿ. “ನಾಗರಿಕರು ಅಂದ್ರ ಯಾವ ದೇಶದ ನಾಗರಿಕರ್ರಿ ಮೇಡಂ? ನಮ್ಮೋರಾ, ಅವ್ರಾ?” ಇಡೀ ತರಗತಿ ಗೊಳ್ಳೆಂದಿತು. ನನಗೆ ಮಾತ್ರ ಖುಷಿಯಾಯಿತು. ಇದನ್ನೇ ಪ್ರಬಂಧವಾಗಿ ಬರಿ ಎಂದೆ. ಬರೆದಳು. ಯಾವ ದೇಶದವರಾದರೂ ಸರಿ, ಆಯುಧ ಹಿಡಿಯದವರನ್ನು ಈ ಕಾನೂನು ಕಾಯುತ್ತದೆ. ಪಠ್ಯದ ಪದ ಅದನ್ನು ಮಸುಕು ಮಾಡುತ್ತಿದೆ ಎಂಬುದು ಅವಳ ವಾದ. ಕಾಲೇಜಿನ ವಾರ್ಷಿಕ ಸೆಮಿನಾರ್‌ಗೆ ಪ್ರಬಂಧ ಆಯ್ಕೆಯಾಯಿತು. ಕನ್ನಡದ ಪ್ರಬಂಧವೊಂದು ಆ ವೇದಿಕೆ ಹತ್ತುತ್ತಿದ್ದದ್ದು ಅದೇ ಮೊದಲು.

ಅವಳ ಅಪ್ಪ ಅಮ್ಮ ಕೆ.ಆರ್. ಪುರದ ಆಚೆ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಕಟ್ಟಡದ ಕೆಲಸಕ್ಕೆ ಹೋಗುವವರು. ಮಗಳು ಏನು ಓದುತ್ತಿದ್ದಾಳೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕನ್ನಡದಲ್ಲಿ ಮಾತಾಡ್ತೀನಿ, ನಿಮಗೂ ತಿಳಿಯುತ್ತದೆ ಬನ್ನಿ ಎಂದು ಅವಳು ಕರೆದಿದ್ದಳು. ಅಪ್ಪ ಮೇಸ್ತ್ರಿಗೆ ಹೇಳಿ ಅವತ್ತಿನ ಕೆಲಸ ಬಿಡಿಸಿಕೊಂಡಿದ್ದಾನೆಂದು ನನಗೆ ನಾಲ್ಕು ಸಲವಾದರೂ ಹೇಳಿದ್ದಳು.

ಆ ಹೊತ್ತಿಗೆ ಗಡಿಯಲ್ಲಿ ಗುಂಡಿನ ಕಾಳಗ ಶುರುವಾಯಿತು. ಟೀವಿಗಳು ಸ್ಟುಡಿಯೋದಲ್ಲೇ ಕೂತು ಊರುಗಳನ್ನು ಗೆಲ್ಲತೊಡಗಿದವು. ಸೈರನ್ ಸದ್ದು ಬಳಸಬೇಡಿ ಎಂದು ಸರ್ಕಾರ ಹೇಳಿದ್ದರೂ ಸದ್ದು ನಿಂತಿರಲಿಲ್ಲ. ಯಾರು ಕೇಳಬೇಕು? ನಾನು ಸಂಜೆ ಕಾಕ್ಸ್ ಟೌನಿನ ಬೇಕರಿಯಲ್ಲಿ ಖಾರಾ ಬನ್ ತಿನ್ನುತ್ತಿದ್ದಾಗ, ಗೋಡೆಯ ಟೀವಿಯಲ್ಲಿ ಅದೇ ಸೈರನ್ನಿನ ನಡುವೆ ನನ್ನ ವಿದ್ಯಾರ್ಥಿನಿಯ ಮುಖ ಬಂತು. ಹಿಂದಿನ ದಿನ ತರಗತಿಯಲ್ಲಿ ಅವಳು ಪ್ರಬಂಧವನ್ನು ಓದಿ ಅಭ್ಯಾಸ ಮಾಡಿದ್ದಳು. ಯಾವನೋ ಫೋನಿನಲ್ಲಿ ಹಿಡಿದು ಚಾನೆಲ್‌ಗೆ ಕೊಟ್ಟಿದ್ದಾನೆ. “ಶತ್ರು ದೇಶದ ನಾಗರಿಕರನ್ನೂ ಕಾಪಾಡಬೇಕು” ಎಂಬಲ್ಲಿಗೆ ಕತ್ತರಿಸಿದ್ದರು. ಆಯುಧ ಹಿಡಿಯದಿದ್ದರೆ ಎಂಬ ಮಾತು ಹೋಗಿತ್ತು. ನಮ್ಮ ದೇಶವೇ ಒಪ್ಪಿ ಸಹಿ ಹಾಕಿದ ಕಾನೂನು ಇದು ಎಂದದ್ದೂ ಹೋಗಿತ್ತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು, “ಇವಳ್ನ ಅಲ್ಲಿಗೇ ಕಳಿಸ್ಬೇಕು ಗುರು” ಎಂದ. ಅರ್ಧ ಬನ್ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನ ನಾನು ಬಸ್ಸಿಳಿದು ಕಾಲೇಜಿಗೆ ಕಾಲಿಡುವುದರೊಳಗೆ ತೀರ್ಮಾನ ಆಗಿಹೋಗಿತ್ತು. ಹುಡುಗಿ ಸೆಮಿನಾರ್‌ನಲ್ಲಿ ಓದುವಂತಿಲ್ಲ. ಯಾವ ನಿಯಮದಡಿ ಎಂದು ಪ್ರಾಂಶುಪಾಲರನ್ನು ಕೇಳಿದೆ. ಶಿಸ್ತು ಎಂದರು. ಅವಳನ್ನು ಕರೆದು ಒಂದು ಮಾತು ಕೇಳಿದಿರಾ ಎಂದೆ. ಇಪ್ಪತ್ತು ವರ್ಷ ಸಂವಿಧಾನ ಪಾಠ ಮಾಡಿದ ಮನುಷ್ಯ, ಕೈ ಒರೆಸಿಕೊಳ್ಳುತ್ತಾ ಹೇಳಿದರು: “ಅದೆಲ್ಲ ಕ್ಲಾಸಲ್ಲಿ ಹೇಳ್ಕೊಳ್ಳಿ ಮೇಡಂ. ಈಗ ಟೈಮ್ ಸರಿಯಿಲ್ಲ.” ಟೈಮ್ ಸರಿಯಿಲ್ಲದಾಗ ಬೇಕಾಗುವುದಕ್ಕಲ್ಲವೇ ಕಾನೂನು ಇರುವುದು! ಇದನ್ನು ಅವರ ಮುಖಕ್ಕೇ ಹೇಳಿದೆ. ಅವರು ಫೋನ್ ಎತ್ತಿಕೊಂಡು ಇನ್ಯಾರಿಗೋ ಗುಡ್ ಮಾರ್ನಿಂಗ್ ಎಂದರು.

ಚಾನೆಲ್ ಮೇಲೆ ದೂರು ಕೊಡೋಣವೆಂದು ಹೊರಟೆ. ನಿಯಮದ ಪ್ರಕಾರ ಮೊದಲ ದೂರನ್ನು ಚಾನೆಲ್‌ಗೇ ಕೊಡಬೇಕು. ಅವರೇ ಪರಿಶೀಲಿಸಿ ಅವರೇ ಉತ್ತರಿಸುತ್ತಾರೆ. ಉತ್ತರ ಬಂತು: ಸಾರ್ವಜನಿಕ ಹಿತಾಸಕ್ತಿಯಿಂದ ಪ್ರಸಾರ ಮಾಡಿದ್ದೇವೆ, ಲೋಪ ಕಂಡುಬಂದಿಲ್ಲ. ಥೂ! ಕತ್ತರಿ ಹಿಡಿದವನಿಗೆ ವಿಚಾರಣೆ ನಡೆಸುವ ಅಧಿಕಾರವಿದೆ. ಅರ್ಧ ವಾಕ್ಯವಾದ ಹುಡುಗಿಗೆ ಬಾಯಿ ತೆರೆಯುವ ಅಧಿಕಾರವಿಲ್ಲ. ಈ ಕಾನೂನನ್ನೇ ನಾನು ಜೀವಮಾನವಿಡೀ ಪಾಠ ಮಾಡಿದ್ದು!

ಅವಳು ಅಳಲಿಲ್ಲ. “ಮನಿಯಾಗ ಹೇಳಿಲ್ರಿ ಮೇಡಂ” ಎಂದಳು ಅಷ್ಟೆ. ಅವರ ಕೋಣೆಯಲ್ಲಿ ಟೀವಿ ಇರಲಿಲ್ಲ, ಹಾಗಾಗಿ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಅಪ್ಪ ಕೆಲಸದ ಜಾಗದಲ್ಲೆಲ್ಲ ಸಾರಿಕೊಂಡು ಬಂದಿದ್ದಾನೆ, ಈಗ ಬರಬೇಡ ಎನ್ನಲು ನಾಲಿಗೆ ಏಳುತ್ತಿಲ್ಲ ಎಂದಳು. ನಾನು ಹೇಳಲಾ ಎಂದು ಕೇಳಿದೆ. ಬೇಡವೆಂದಳು.

ಸೆಮಿನಾರ್ ದಿನ ಅಪ್ಪ ಅಮ್ಮ ಇಬ್ಬರೂ ಬಂದರು. ಆಕೆ ಇಳಕಲ್ ಸೀರೆಯುಟ್ಟಿದ್ದಳು, ಆತ ಇಸ್ತ್ರಿಯ ಮಡಿಕೆ ಕಾಣುವ ಬಿಳಿ ಅಂಗಿ. ಕೊನೆಯ ಸಾಲಿನಲ್ಲಿ ಮಗಳನ್ನು ನಡುವೆ ಕೂರಿಸಿಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಮಧ್ಯಾಹ್ನ ಅವಳಿಗೆಂದು ಇದ್ದ ಹೊತ್ತಿನಲ್ಲಿ ಪ್ರಾಂಶುಪಾಲರೇ ಎದ್ದರು. ಇದು ನಮ್ಮ ಕಾಲೇಜಿನ ಪ್ರಬಂಧ ಎಂದು ಇಂಗ್ಲಿಷಿನಲ್ಲಿ ಓದತೊಡಗಿದರು. ಎರಡನೇ ವಾಕ್ಯಕ್ಕೇ ನನಗೆ ಗೊತ್ತಾಯಿತು. ಅವಳದೇ ಪ್ರಬಂಧ. ಯಾರಿಂದಲೋ ಅನುವಾದ ಮಾಡಿಸಿದ್ದರು. ಅವಳ ಹೆಸರನ್ನು ಬಿಟ್ಟಿದ್ದರು. ಶತ್ರು ದೇಶದ ಸಿವಿಲಿಯನ್ಸ್ ಎಂದು ಅವರು ಗಂಭೀರವಾಗಿ ಓದಿದರು. ಅತಿಥಿಗಳು ತಲೆದೂಗಿದರು. ಅದೇ ಚಾನೆಲ್‌ನ ವರದಿಗಾರ ಮುಂದಿನ ಸಾಲಿನಲ್ಲಿ ಕಾಫಿ ಕುಡಿಯುತ್ತಾ ಕೇಳಿಸಿಕೊಂಡ. ಇಂಗ್ಲಿಷಿನಲ್ಲಿ ಅದು ಯಾರಿಗೂ ದೇಶದ್ರೋಹವಾಗಿ ಕಾಣಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆದರೆಂದು ಅವಳ ಅಮ್ಮನೂ ಹೊಡೆದಳು.

ಚಪ್ಪಾಳೆ ನಿಂತ ಮೇಲೆ ಆಕೆ ಮಗಳ ಕಡೆ ಬಾಗಿ, ನಿನ್ನ ಪಾಳಿ ಯಾವಾಗ ಎಂದು ಕೇಳಿದಳು. ಹುಡುಗಿ ವೇದಿಕೆಯನ್ನೇ ನೋಡುತ್ತಿದ್ದಳು.

“ಮುಗೀತವ್ವ. ಈಗ ಸಾಹೇಬ್ರು ಓದಿದ್ರಲ್ಲ, ಅದೇ ನಂದು.”

“ಅಷ್ಟ್ ದೊಡ್ಡ ಸಾಹೇಬ್ರು ನೀ ಬರದದ್ದು ಓದಿದ್ರಾ?” ಎಂದಳು ತಾಯಿ. ಆಕೆಯ ಕಣ್ಣು ತುಂಬಿ ಬಂತು. ಗಂಡನ ಕಿವಿಯಲ್ಲಿ ಹೇಳಿದಳು. ಆತ ಅಂಗಿ ಸರಿಮಾಡಿಕೊಂಡು ಎದ್ದ. ಹುಡುಗಿ ಅಪ್ಪಾ ಎಂದು ತೋಳು ಹಿಡಿದಳು, ಬಿಡಿಸಿಕೊಂಡು ಹೋದ. ಸಭೆಯ ನಡುವಿನ ದಾರಿಯಲ್ಲಿ ನಡೆದು, ಆಗಷ್ಟೇ ವೇದಿಕೆ ಇಳಿಯುತ್ತಿದ್ದ ಪ್ರಾಂಶುಪಾಲರ ಮುಂದೆ ನಿಂತು, ಸೊಂಟ ಬಗ್ಗಿಸಿ ಎರಡೂ ಕೈ ಮುಗಿದ. ನನ್ನ ಮಗಳಿಗೆ ಎಂಥಾ ಮರ್ಯಾದಿ ಕೊಟ್ರಿ ಸಾಹೇಬ್ರ ಎಂದದ್ದು ಹಿಂದಿನ ಸಾಲಿಗೂ ಕೇಳಿಸಿತು.

ಪ್ರಾಂಶುಪಾಲರು ನಮ್ಮ ಕಡೆ ಒಮ್ಮೆ ನೋಡಿದರು. ಆಮೇಲೆ ಇರಲಿ ಇರಲಿ ಎಂದು ಆ ನಮಸ್ಕಾರವನ್ನೂ ತೆಗೆದುಕೊಂಡರು.